ಹೊಲಿಗೆ ಕಾಣದ ಹೊಟ್ಟೆ

ನಮ್ಮ ಸೋದರತ್ತೆಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು ಅನ್ನುವುದನ್ನು ನೆಂಟರಲ್ಲಿ ಅರ್ಧ ಜನ ಇವತ್ತಿಗೂ ನಂಬುವುದಿಲ್ಲ. ನಂಬದವರ ಗುಂಪಿನಲ್ಲಿ ಅತ್ತೆಯೂ ಸೇರಿಕೊಂಡಿರುವುದು ನನ್ನ ತಲೆನೋವು. ಮೊನ್ನೆ ಒಂದು ಮದುವೆಮನೆಯಲ್ಲಿ ಪಕ್ಕದ ಕುರ್ಚಿಯವರಿಗೆ ಹೇಳುತ್ತಿದ್ದರು: "ಏನೋ ಒಂಚೂರು ಕೆಂಪಗಿತ್ತಂತೆ. ಬಾಯಿಂದ ಪೈಪ್ ಬಿಟ್ಟು ಕೆರೆದು ತೆಗೆದ್ರು. ಮೂರನೇ ದಿನ ಗಂಜಿ ಕುಡಿದೆ." ಕೇಳುತ್ತಿದ್ದ ಹೆಂಗಸು, ಈಗಿನ ದೊಡ್ಡಾಸ್ಪತ್ರೆಗಳಲ್ಲಿ ದುಡ್ಡಿಗೋಸ್ಕರ ಏನು ಬೇಕಾದರೂ ಹೇಳುತ್ತಾರೆ, ನಮ್ಮ ಭಾವಮೈದುನನಿಗೂ ಹಾಗೇ ಹೆದರಿಸಿದ್ದರು ಎಂದು ಶುರುಮಾಡಿದರು. ಅತ್ತೆ ಇಲ್ಲ ಅನ್ನಲಿಲ್ಲ. ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು.

ಅವರ ಬೀರುವಿನಲ್ಲಿ ಒಂದು ಫೈಲಿದೆ. ಅದರಲ್ಲಿರುವ ಪೆಥಾಲಜಿ ರಿಪೋರ್ಟಿನಲ್ಲಿ ಅಡಿನೋಕಾರ್ಸಿನೋಮ ಎಂದು ಅಚ್ಚಾಗಿದೆ. ಹಾಗೆಂದರೆ ಕ್ಯಾನ್ಸರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಗದವನ್ನು ಯಾರು ಓದುತ್ತಾರೆ? ನಮ್ಮ ಕಡೆ ಕಾಯಿಲೆಗೆ ಸಾಕ್ಷಿ ಮೈಮೇಲೆ ಇರಬೇಕು. ಆಸ್ಪತ್ರೆಯಿಂದ ಅರಸೀಕೆರೆಗೆ ಬಂದ ವಾರ ನೋಡಲು ಬಂದವರೆಲ್ಲ ಎಳನೀರು, ಬ್ರೆಡ್ಡು, ಬಿಸ್ಕತ್ತು ಇಟ್ಟು ಮೊದಲು ಕೇಳಿದ್ದು ಒಂದೇ: "ಎಲ್ಲಿ ಕೊಯ್ದ್ರು?" ಎಲ್ಲೂ ಕೊಯ್ದಿಲ್ಲ ಎಂದು ತಿಳಿದ ಕೂಡಲೇ ಅವರ ಮುಖದಲ್ಲಿ ನಿರಾಳವಾಗುವುದರ ಜೊತೆಗೆ ಒಂಚೂರು ಮೋಸಹೋದ ಭಾವವೂ ಕಾಣುತ್ತಿತ್ತು. ಬಸ್ ಚಾರ್ಜು ಖರ್ಚುಮಾಡಿಕೊಂಡು ಬಂದಿದ್ದರಲ್ಲ.

ಆಗ ನಗು ಬಂದಿತ್ತು. ಈಗ ಬರುತ್ತಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಅದೇ ಫೈಲಿನಲ್ಲಿದೆ. ಅತ್ತೆ ಆ ತಾರೀಖನ್ನು ಒಮ್ಮೆ ಶ್ರಾವಣ ಎಂದು, ಒಮ್ಮೆ ಕೊಬ್ಬರಿ ಸುಲಿಸುವುದಿದೆ ಎಂದು ಮುಂದೂಡುತ್ತಲೇ ಬಂದಿದ್ದಾರೆ.

ದೊಡ್ಡಪ್ಪನ ಬಾವಿಕಟ್ಟೆ

ನಾನು ಚಿಕ್ಕವನಿದ್ದಾಗ ಊರಿನಲ್ಲಿ ದೊಡ್ಡಪ್ಪ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಬರಿಮೈಯಲ್ಲಿ ನಿಂತು ನೀರು ಸೇದಿ ತಲೆಮೇಲೆ ಸುರಿದುಕೊಳ್ಳುತ್ತಿದ್ದರು. ಎದೆಗೂಡು ಮುಗಿಯುವಲ್ಲಿಂದ ಹೊಕ್ಕುಳದ ಪಕ್ಕದವರೆಗೆ ಒಂದು ಉದ್ದ ಕಲೆ. ಅದರ ಎರಡೂ ಬದಿಗೆ ಹೊಲಿಗೆ ಹಾಕಿದ ಚುಕ್ಕಿಗಳು. ಮಕ್ಕಳು ನಾವು ಅದನ್ನು ಮುಟ್ಟಿ ನೋಡಲು ಜಗಳವಾಡುತ್ತಿದ್ದೆವು, ಅವರೂ ಖುಷಿಯಿಂದಲೇ ಹೊಟ್ಟೆ ಮುಂದಕ್ಕೆ ಚಾಚುತ್ತಿದ್ದರು. ಅವರಿಗಾಗಿದ್ದದ್ದು ಹೊಟ್ಟೆ ಹುಣ್ಣು. ಆ ಕಾಲದಲ್ಲಿ ಅದು ಬಹಳ ಜನಕ್ಕಿತ್ತು. ಹುಣ್ಣು ಗುಣವಾಗದೆ ಜಠರದ ಬಾಯಿ ಕಟ್ಟಿಕೊಂಡರೆ, ಆಮ್ಲ ಹುಟ್ಟಿಸುವ ನರವನ್ನು ಕತ್ತರಿಸಿ, ಜಠರಕ್ಕೂ ಸಣ್ಣಕರುಳಿಗೂ ಹೊಸ ದಾರಿ ಹೊಲಿಯುತ್ತಿದ್ದರು. ಹಾಸನಕ್ಕೆ ಗಾಡಿಯಲ್ಲಿ ಕರೆದೊಯ್ದದ್ದು, ರಕ್ತ ಕೊಡಲು ಯಾರೂ ಮುಂದೆ ಬರದಿದ್ದದ್ದು, ಕೊನೆಗೆ ಲಾರಿ ಡ್ರೈವರೊಬ್ಬ ಕೊಟ್ಟದ್ದು, ಇದೆಲ್ಲ ಮನೆಯಲ್ಲಿ ಹರಿಕಥೆಯ ಹಾಗೆ ಆಗಾಗ ನಡೆಯುತ್ತಿತ್ತು.

ಆ ಕಲೆಯಿಂದ ದೊಡ್ಡಪ್ಪನಿಗೆ ಆದ ಉಪಕಾರವನ್ನು ನಾನು ಆಮೇಲೆ ಲೆಕ್ಕಹಾಕಿದ್ದೇನೆ. ಭಾರದ ಮೂಟೆಯನ್ನು ಅವರ ಕೈಯಲ್ಲಿ ಯಾರೂ ಎತ್ತಿಸುತ್ತಿರಲಿಲ್ಲ. ಊಟಕ್ಕೆ ಕೂತರೆ ದೊಡ್ಡಮ್ಮ ಒಂದು ಹಿಡಿ ಅನ್ನ ಬಡಿಸಿ, ಎರಡು ಗಂಟೆ ಬಿಟ್ಟು ಇನ್ನೊಂದು ಹಿಡಿ ಬಡಿಸುತ್ತಿದ್ದರು. ಒಟ್ಟಿಗೆ ಉಂಡರೆ ಅವರಿಗೆ ಬೆವರು ಬಿಟ್ಟು, ಎದೆ ಹೊಡೆದುಕೊಂಡು, ಮಲಗಲೇಬೇಕಾಗುತ್ತಿತ್ತು. ಉಂಡದ್ದು ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಜಾರಿಬಿಡುವುದರಿಂದ ಹಾಗಾಗುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅವರು ರೋಗಿ ಅನ್ನುವುದು ಮನೆಯ ಸಣ್ಣ ಮಗುವಿಗೂ ಗೊತ್ತಿತ್ತು. ಹಾಸನಕ್ಕೆ ತೋರಿಸಲು ಹೋಗುವ ದಿನ ಬಂದರೆ ಅದನ್ನು ಮುಂದೂಡುವ ಧೈರ್ಯ ಯಾರಿಗೂ ಇರಲಿಲ್ಲ.

ದೊಡ್ಡಪ್ಪನದು ಕ್ಯಾನ್ಸರ್ ಆಗಿರಲಿಲ್ಲ. ಆದರೂ ಸಾಯುವವರೆಗೆ ರೋಗಿಯಾಗಿ ಬಾಳಿದರು. ಅತ್ತೆಯದು ಕ್ಯಾನ್ಸರ್. ಅವರು ಒಂದು ತಿಂಗಳೂ ರೋಗಿಯಾಗಲಿಲ್ಲ.

ಬಾಯಿಂದ ಹೋಗುವ ಕತ್ತಿ

ಅತ್ತೆಯ ಜಠರದ ಕೆಳತುದಿಯಲ್ಲಿ, ಆಹಾರ ಕರುಳಿಗಿಳಿಯುವ ಜಾಗಕ್ಕೆ ತುಸು ಮೇಲೆ, ಒಂದೂವರೆ ಸೆಂಟಿಮೀಟರಿನ ಒಂದು ತಗ್ಗು ಇತ್ತು. ಅದನ್ನು ತೆಗೆದ ವಿಧಾನದ ಹೆಸರು ಎಂಡೋಸ್ಕೋಪಿಕ್ ಸಬ್‌ಮ್ಯುಕೋಸಲ್ ಡಿಸೆಕ್ಷನ್. ಆಸ್ಪತ್ರೆಯಲ್ಲಿ ಎಲ್ಲರೂ ಇಎಸ್‌ಡಿ ಎನ್ನುತ್ತಾರೆ. ಅತ್ತೆ ಹೇಳುವಂತೆ ಕೆರೆದು ತೆಗೆಯುವುದಂತೂ ಅಲ್ಲ. ಜಠರದ ಗೋಡೆಯೇ ಕೆಲವು ಮಿಲಿಮೀಟರು ದಪ್ಪ. ಅದರಲ್ಲಿ ಒಳಪೊರೆ, ಅದರಡಿ ಸಡಿಲವಾದ ಒಂದು ಪದರ, ಆಮೇಲೆ ಸ್ನಾಯು, ಹೊರಗೊಂದು ತೆಳುಪೊರೆ. ಕ್ಯಾನ್ಸರು ಹುಟ್ಟುವುದು ಒಳಪೊರೆಯಲ್ಲಿ. ಮೊದಲು ಬಣ್ಣದ ದ್ರಾವಣ ಚಿಮುಕಿಸಿ ಗಡ್ಡೆಯ ಅಂಚು ಎಲ್ಲಿದೆ ಎಂದು ಗುರುತಿಸಿಕೊಳ್ಳುತ್ತಾರೆ. ಅಂಚಿನಿಂದ ಕೆಲವು ಮಿಲಿಮೀಟರು ಹೊರಗೆ ಸುತ್ತಲೂ ಸುಟ್ಟು ಚುಕ್ಕಿ ಇಡುತ್ತಾರೆ. ಸಡಿಲ ಪದರಕ್ಕೆ ಸೂಜಿಯಿಂದ ದ್ರವ ತುಂಬುತ್ತಾರೆ. ಆಗ ಒಳಪೊರೆ, ಕಾವಲಿಯ ಮೇಲೆ ಚಪಾತಿ ಉಬ್ಬಿ ಮೇಲಿನ ಹಾಳೆ ಕೆಳಗಿನದರಿಂದ ಬಿಡುವ ಹಾಗೆ, ಸ್ನಾಯುವಿನಿಂದ ಎದ್ದುಬರುತ್ತದೆ. ಚುಕ್ಕಿಗಳ ಹೊರಗೆ ಸುತ್ತಲೂ ಕೊಯ್ದು, ಆ ನಡುವಿನ ಪದರದಲ್ಲಿ ಕತ್ತಿ ಆಡಿಸುತ್ತ, ಸಿಕ್ಕ ರಕ್ತನಾಳಗಳನ್ನು ಸುಟ್ಟು ಮುಚ್ಚುತ್ತ, ಇಡೀ ತುಂಡನ್ನು ಒಂದಾಗಿ ಬಿಡಿಸುತ್ತಾರೆ. ಬಾಯಿಂದ ಹೋದ ಕೊಳವೆಯ ತುದಿಯಲ್ಲಿ, ಪರದೆ ನೋಡಿಕೊಂಡು, ಗಂಟೆಗಟ್ಟಲೆ ನಡೆಯುವ ಕೆಲಸ ಇದು.

ಇದು ಬೆಳೆದದ್ದು ಜಪಾನಿನಲ್ಲಿ. ಅಲ್ಲಿ ಹೊಟ್ಟೆಯ ಕ್ಯಾನ್ಸರ್ ಮನೆಮನೆಯ ಮಾತಾಗಿತ್ತು, ಹಾಗಾಗಿ ಹೊಟ್ಟೆಯೊಳಗೆ ಇಣುಕುವ ಹಟವೂ ಅಲ್ಲಿಯೇ ಹೆಚ್ಚು. 1950ರಲ್ಲೇ ಉಜಿ ತತ್ಸುರೋ ಎಂಬ ಸರ್ಜನ್ನು ಒಲಿಂಪಸ್ ಕಂಪನಿಯ ಇಂಜಿನಿಯರುಗಳ ಜೊತೆ ಸೇರಿ, ಕೊಳವೆಯ ತುದಿಗೆ ಪುಟ್ಟ ಕ್ಯಾಮೆರಾ ಮತ್ತು ಬಲ್ಬು ಕಟ್ಟಿ ಹೊಟ್ಟೆಯೊಳಗೆ ಫೋಟೊ ತೆಗೆದಿದ್ದರು. ಆಗ ಒಳಗೆ ಏನು ಕಾಣುತ್ತಿದೆ ಎಂದು ಆ ಕ್ಷಣದಲ್ಲಿ ಗೊತ್ತಾಗುತ್ತಿರಲಿಲ್ಲ, ರೀಲು ತೊಳೆದ ಮೇಲೆಯೇ ನೋಡಬೇಕು. ಅಲ್ಲಿಂದ ಮುಂದೆ ಸಣ್ಣ ಗಂಟುಗಳಿಗೆ ಕುಣಿಕೆ ಬಿಗಿದು ತೆಗೆಯುವುದು ಬಂತು. ಕುಣಿಕೆಗೆ ಸಿಕ್ಕುವಷ್ಟೇ ತೆಗೆಯಬಹುದು, ದೊಡ್ಡದಿದ್ದರೆ ತುಂಡು ತುಂಡಾಗಿ ಬರುತ್ತದೆ. ತುಂಡಾಗಿ ಬಂದರೆ ಅಂಚಿನಲ್ಲಿ ಏನಾದರೂ ಉಳಿಯಿತೇ ಎಂದು ಹೇಳಲಾಗದು. 1990ರ ದಶಕದಲ್ಲಿ ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಇದಕ್ಕೊಂದು ಉಪಾಯ ಹೊಳೆಯಿತು. ವಿದ್ಯುತ್ತಿನಿಂದ ಕೊಯ್ಯುವ ಸೂಜಿಯ ತುದಿಗೆ ಪಿಂಗಾಣಿಯ ಒಂದು ಸಣ್ಣ ಮಣಿ ಕೂರಿಸಿದರು. ಪಿಂಗಾಣಿಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಹಾಗಾಗಿ ಕತ್ತಿ ಪಕ್ಕಕ್ಕೆ ಕೊಯ್ಯುತ್ತದೆ, ನೇರ ಮುಂದೆ ಚುಚ್ಚಿ ಗೋಡೆ ತೂತು ಮಾಡುವ ಭಯ ಕಡಿಮೆ. ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ವಸ್ತು ಆ ಮಣಿಯೇ. ಎಷ್ಟೋ ಜನರ ಜಠರ ಇವತ್ತು ಇಡಿಯಾಗಿ ಉಳಿದಿರುವುದರಲ್ಲಿ ಅದಕ್ಕೊಂದು ಪಾಲಿದೆ. (ತೂತು ಆಗುವುದೇ ಇಲ್ಲ ಎಂದಲ್ಲ. ಆದರೆ ಒಳಗಿನಿಂದಲೇ ಕ್ಲಿಪ್ ಹಾಕಿ ಮುಚ್ಚುತ್ತಾರೆ. ಸಹಿಹಾಕುವ ಮುಂಚೆ ಡಾಕ್ಟರು ಇದನ್ನೂ, ಆಮೇಲೆ ರಕ್ತಸ್ರಾವವಾಗಬಹುದು ಎನ್ನುವುದನ್ನೂ ಬಿಡಿಸಿ ಹೇಳಿದ್ದರು. ಅತ್ತೆ ಆಗ ಸೀಲಿಂಗಿನ ಫ್ಯಾನು ನೋಡುತ್ತಿದ್ದರು.)

ಐದು ಸಾವಿರ ಚಿಲ್ಲರೆ ಹೊಟ್ಟೆಗಳು

ನನ್ನನ್ನು ನಿಜಕ್ಕೂ ಕಾಡಿದ್ದು ಬೇರೆ ಪ್ರಶ್ನೆ. ಕ್ಯಾನ್ಸರು ಅಂದರೆ ಹರಡುವಂಥದ್ದು. ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಮಾಡುವಾಗ ಜಠರದ ಜೊತೆಗೆ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್ ಅನ್ನುವ ಸಣ್ಣ ಗಂಟುಗಳು) ಬಿಡಿಸಿ ತೆಗೆಯುವುದು ಅದಕ್ಕೇ. ಬಾಯಿಂದ ಹೋದ ಕತ್ತಿ ಆ ಗ್ರಂಥಿಗಳನ್ನು ಮುಟ್ಟುವುದೂ ಇಲ್ಲ. ಹಾಗಿದ್ದರೆ ಅಲ್ಲಿಗೆ ರೋಗ ಹೋಗಿಲ್ಲ ಎಂದು ಡಾಕ್ಟರು ಯಾವ ಧೈರ್ಯದ ಮೇಲೆ ಹೇಳುತ್ತಾರೆ?

ಈ ಧೈರ್ಯಕ್ಕೊಂದು ಲೆಕ್ಕವಿದೆ. ಟೋಕಿಯೊದ ಎರಡು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಆರಂಭದ ಹಂತದ ಹೊಟ್ಟೆ ಕ್ಯಾನ್ಸರಿಗೆ ಜಠರವನ್ನೂ ಗ್ರಂಥಿಗಳನ್ನೂ ಕೊಯ್ದು ತೆಗೆಸಿಕೊಂಡಿದ್ದ 5,265 ರೋಗಿಗಳ ದಾಖಲೆಗಳನ್ನು ಗೊತೊಡಾ ಎಂಬ ಜಪಾನಿ ಡಾಕ್ಟರು ಮತ್ತು ಜೊತೆಗಾರರು ಒಟ್ಟಿಗಿಟ್ಟು ನೋಡಿದರು. ಅದು ಪ್ರಕಟವಾದದ್ದು 2000ದಲ್ಲಿ. ಯಾರ ಗ್ರಂಥಿಗಳಲ್ಲಿ ಕ್ಯಾನ್ಸರಿತ್ತು, ಯಾರದರಲ್ಲಿ ಇರಲಿಲ್ಲ? ಒಳಪೊರೆಯನ್ನು ದಾಟದ, ಜೀವಕೋಶಗಳು ತಮ್ಮ ರೂಪ ಉಳಿಸಿಕೊಂಡಿದ್ದ, ಮೂರು ಸೆಂಟಿಮೀಟರು ಮೀರದ, ರಕ್ತನಾಳ ಮತ್ತು ದುಗ್ಧನಾಳಗಳಿಗೆ ನುಗ್ಗದ ಗಡ್ಡೆಗಳಿದ್ದ 1,230 ಜನರಲ್ಲಿ ಒಬ್ಬರ ಗ್ರಂಥಿಗೂ ರೋಗ ತಲುಪಿರಲಿಲ್ಲ. ಇಂಥ ಗಡ್ಡೆಗೆ ಹೊಟ್ಟೆ ಕೊಯ್ಯಬೇಕಾಗಿಲ್ಲ ಎಂಬ ತೀರ್ಮಾನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಹೀಗೆ.

ಇದನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆ 1,230 ಜನರ ಜಠರವನ್ನು ಪೂರ್ತಿಯೋ ಮುಕ್ಕಾಲೋ ತೆಗೆದಿದ್ದರು. ಅವರೂ ನಮ್ಮ ದೊಡ್ಡಪ್ಪನ ಹಾಗೆ ಹಿಡಿ ಹಿಡಿ ಅನ್ನ ಉಂಡಿರಬೇಕು, ಊಟದ ಮೇಲೆ ಬೆವರಿರಬೇಕು. ಅಷ್ಟು ತೆಗೆಯಬೇಕಾಗಿರಲಿಲ್ಲ ಎಂದು ಗೊತ್ತಾದದ್ದು ತೆಗೆದ ಮೇಲೆ, ಅವರಿಂದಲೇ. ತಪ್ಪು ಯಾರದೂ ಅಲ್ಲ. ಆಗ ಅದೇ ಸರಿಯಾದ ಚಿಕಿತ್ಸೆ. ಅದರಾಚೆಗೂ ನೋಡಿದರೆ, 1881ರ ಜನವರಿ 29ರಂದು ವಿಯೆನ್ನಾದಲ್ಲಿ ಬಿಲ್ರೋಟ್ ಎಂಬ ಸರ್ಜನ್ನು ತೆರೇಸಾ ಹೆಲ್ಲರ್ ಎಂಬಾಕೆಯ ಜಠರದ ಕ್ಯಾನ್ಸರ್ ಭಾಗವನ್ನು ಕೊಯ್ದು ತೆಗೆದದ್ದು ಈ ದಾರಿಯ ಮೊದಲ ಗೆಲುವು. ಆಕೆ ಆಪರೇಷನ್ ದಾಟಿದಳು, ಆದರೆ ರೋಗ ಮರಳಿ ಸುಮಾರು ನಾಲ್ಕು ತಿಂಗಳಲ್ಲಿ ತೀರಿಕೊಂಡಳು. ಗೆಲುವು ಎಂದರೆ ಆಗ ಅಷ್ಟು. ಅತ್ತೆಯ ಹೊಟ್ಟೆಯ ಮೇಲೆ ಕಲೆಯಿಲ್ಲ ಎಂದು ಯಾರಾದರೂ ಹೇಳಿದಾಗೆಲ್ಲ, ಅದು ಯಾರ್ಯಾರ ಹೊಟ್ಟೆಯ ಮೇಲಿತ್ತು ಎಂದು ನನಗೆ ನೆನಪಾಗುತ್ತದೆ. ಮದುವೆಮನೆಯಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ, ಬಿಡಿ.

ಗುಂಡುಸೂಜಿಗಳು

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಕೆಲಸ ಮುಗಿದ ಮೇಲೆ ಡಾಕ್ಟರು ಅತ್ತೆಯ ಮಗನಾದ ಭಾವನನ್ನೂ ನನ್ನನ್ನೂ ಒಳಗೆ ಕರೆದು ಒಂದು ಫೋಟೊ ತೋರಿಸಿದರು. ಬಿಳಿ ಹಲಗೆಯ ಮೇಲೆ ಅಂಗೈಗಿಂತ ಬಹಳ ಚಿಕ್ಕದಾದ ಒಂದು ನಸುಗೆಂಪು ತುಂಡು, ಅಂಚಿನುದ್ದಕ್ಕೂ ಸಣ್ಣ ಗುಂಡುಸೂಜಿ ಚುಚ್ಚಿ ಹರಡಿಟ್ಟದ್ದು. ಬಿಟ್ಟರೆ ಸುರುಟಿಕೊಳ್ಳುತ್ತದೆ, ಸುರುಟಿಕೊಂಡರೆ ಅಂಚು ಯಾವುದು, ಆಳ ಎಷ್ಟು ಎಂದು ಅಳೆಯಲಾಗುವುದಿಲ್ಲ, ಅದಕ್ಕೆ ಹೀಗೆ ಬಿಗಿದು ಫಾರ್ಮಲಿನ್ನಿಗೆ ಹಾಕುತ್ತೇವೆ ಎಂದರು. ಆಮೇಲೆ ಪೆಥಾಲಜಿಯವರು ಅದನ್ನು ಎರಡು ಮಿಲಿಮೀಟರಿಗೊಂದರಂತೆ ಪಟ್ಟಿಪಟ್ಟಿಯಾಗಿ ಕೊಯ್ದು, ಪ್ರತಿ ಪಟ್ಟಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ಭಾವ ಬಹಳ ಹೊತ್ತು ಫೋಟೊ ನೋಡಿ, "ಹಂಗಾದ್ರೆ ವಾಸಿ ಆಯ್ತಲ್ಲ ಸಾರ್?" ಎಂದು ಕೇಳಿದ. ಡಾಕ್ಟರು ನಕ್ಕು, "ರಿಪೋರ್ಟು ಬರಲಿ" ಎಂದರು.

ಆಗ ನನಗೆ ಅರ್ಥವಾದದ್ದು, ತೆಗೆಯುವುದು ಇಲ್ಲಿ ಅರ್ಧ ಚಿಕಿತ್ಸೆ, ಅರ್ಧ ಪರೀಕ್ಷೆ ಎಂದು. ಒಳಪೊರೆಯನ್ನು ದಾಟಿ ಕೆಳಪದರಕ್ಕೆ ಅರ್ಧ ಮಿಲಿಮೀಟರಿಗಿಂತ ಆಳ ಹೋಗಿದ್ದರೆ, ಇಲ್ಲವೇ ನಾಳಗಳೊಳಗೆ ಕ್ಯಾನ್ಸರಿನ ಕೋಶ ಕಂಡರೆ, ತುಂಡು ಎಷ್ಟೇ ಅಂದವಾಗಿ ಬಂದಿರಲಿ, ಸಾಮಾನ್ಯವಾಗಿ ಮತ್ತೆ ಹೊಟ್ಟೆ ಕೊಯ್ಯುವ ಆಪರೇಷನ್ನಿಗೇ ಹೇಳುತ್ತಾರೆ. ಅರ್ಧ ಮಿಲಿಮೀಟರು! ಆ ವಾರ ಅತ್ತೆ ಗಂಜಿಯಿಂದ ಮೆತ್ತನೆ ಅನ್ನಕ್ಕೆ, ಅನ್ನದಿಂದ ತಿಳಿಸಾರಿಗೆ ಬಂದರು. ಜಠರದಲ್ಲಿ ಆದ ಗಾಯ ಮಾಯಲು ಸುಮಾರು ಎಂಟು ವಾರ ಬೇಕು, ಅಲ್ಲಿಯವರೆಗೆ ಆಮ್ಲ ತಗ್ಗಿಸುವ ಮಾತ್ರೆ ನುಂಗಬೇಕು ಎಂದಿದ್ದರು. ಗಾಯ ಇತ್ತು ನೋಡಿ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿತ್ತು ಅಷ್ಟೆ. ರಿಪೋರ್ಟು ಬಂದಾಗ ಎಲ್ಲ ಒಳಪೊರೆಯಲ್ಲೇ ನಿಂತಿತ್ತು, ಅಂಚುಗಳು ಶುದ್ಧವಾಗಿದ್ದವು. ಭಾವ ತಿಪಟೂರಿನ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿ, ಗದ್ದಲದ ನಡುವೆ ನನಗೆ ಅದನ್ನು ಎರಡೆರಡು ಸಲ ಓದಿಸಿದ.

ಸಿಕ್ಕಿದವರಿಗೆ ಮಾತ್ರ

ಅತ್ತೆಯ ಸುದ್ದಿ ಆಫೀಸಿನಲ್ಲೂ ಹಬ್ಬಿತು. ಕೆಲವು ತಿಂಗಳ ಮೇಲೆ ಸಹೋದ್ಯೋಗಿಯೊಬ್ಬರು ಪಕ್ಕಕ್ಕೆ ಕರೆದು, ಅವರ ತಂದೆಗೆ ಹೊಟ್ಟೆಯ ಕ್ಯಾನ್ಸರ್ ಎಂದಾಗಿದೆ, ನಿಮ್ಮ ಅತ್ತೆಯವರಿಗೆ ಬಾಯಿಂದಲೇ ತೆಗೆದ ಡಾಕ್ಟರ ನಂಬರು ಕೊಡಿ ಎಂದರು. ಅದರ ಒಂದು ವಿಡಿಯೊವನ್ನೂ ನೋಡಿಕೊಂಡಿದ್ದರು. ನಂಬರು ಕೊಟ್ಟೆ. ಸ್ಕ್ಯಾನಿನಲ್ಲಿ ಗಡ್ಡೆ ಗೋಡೆಯನ್ನು ದಾಟಿ, ಗ್ರಂಥಿಗಳು ದಪ್ಪವಾಗಿದ್ದವು. ಅವರಿಗೆ ಕಿಮೋ, ಆಪರೇಷನ್ನು, ಮತ್ತೆ ಕಿಮೋ ಎಂದು ಬೇರೆಯದೇ ದಾರಿ. "ನಿಮ್ಮತ್ತೆಗೆ ಆಗುತ್ತೆ, ನಮ್ಮಪ್ಪನಿಗೆ ಯಾಕಾಗಲ್ಲ?" ಎಂದು ಅವರು ಕೇಳಿದ್ದರಲ್ಲಿ ಸಿಟ್ಟಿತ್ತು. ಆ ಸಿಟ್ಟು ನನಗೆ ನ್ಯಾಯವೆಂದೇ ತೋರಿತು.

ಈ ವಿದ್ಯೆಯನ್ನು ಹೊಗಳುವಾಗ ನಾವು ಕತ್ತಿಯನ್ನು ಹೊಗಳುತ್ತೇವೆ. ನಿಜವಾದ ಭಾಗ್ಯ ಕಣ್ಣಿಗೆ ಬಿದ್ದದ್ದು. ಆರಂಭದ ಹೊಟ್ಟೆ ಕ್ಯಾನ್ಸರ್ ನೋಯುವುದೇ ಕಡಿಮೆ, ಬಹಳ ಸಲ ಏನೂ ತೋರುವುದಿಲ್ಲ. ಜಪಾನಿನಲ್ಲಿ 1960ರ ದಶಕದಿಂದ ಎಕ್ಸ್‌ರೇ ಯಂತ್ರ ಹೊತ್ತ ಬಸ್ಸುಗಳು ಊರೂರಿಗೆ ಹೋಗಿ, ಜನರಿಗೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ದ್ರಾವಣ ಕುಡಿಸಿ ಹೊಟ್ಟೆ ನೋಡುತ್ತ ಬಂದವು. ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಪರೀಕ್ಷೆ ಮಾಡಿಸುತ್ತದೆ. ಹಾಗಾಗಿ ಅಲ್ಲಿ ಅರ್ಧಕ್ಕೂ ಹೆಚ್ಚು ರೋಗ ಎಳಸಿನಲ್ಲೇ ಸಿಕ್ಕಿಬೀಳುತ್ತದೆ. ನಮ್ಮ ದೇಶದಲ್ಲಿ, ಮಿಜೋರಾಮಿನಂಥ ಕಡೆ ಬಿಟ್ಟರೆ, ರೋಗ ಅಷ್ಟು ಹೆಚ್ಚಿಲ್ಲ, ಎಲ್ಲರಿಗೂ ಪೈಪ್ ಹಾಕಿ ನೋಡುವುದು ಆಗದ ಮಾತು. ಒಪ್ಪೋಣ. ಆದರೆ ಗ್ಯಾಸ್ಟ್ರಿಕ್ ಅನ್ನುವ ಒಂದು ಹೆಸರು ಹೇಳಿಕೊಂಡು ಮೆಡಿಕಲ್ ಸ್ಟೋರಿನಿಂದ ವರ್ಷಗಟ್ಟಲೆ ಪ್ಯಾನ್‌ಫಾರ್ಟಿ ಎಂಬ ಆಮ್ಲ ತಗ್ಗಿಸುವ ಮಾತ್ರೆ ತಂದು ನುಂಗುವುದನ್ನು ಯಾವ ದೇಶದ ಬಡತನಕ್ಕೂ ತಗುಲಿಹಾಕಲಾಗದು. ಆ ಮಾತ್ರೆಯಿಂದ ಉರಿ ತಣಿಯುತ್ತದೆ, ಕೆಲವೊಮ್ಮೆ ಕ್ಯಾನ್ಸರಿನ ಉರಿಯೂ ತಣಿದು ತಿಂಗಳುಗಳು ಕೈಜಾರುತ್ತವೆ. ಅತ್ತೆಗೂ ಎಂಡೋಸ್ಕೋಪಿ ಆದದ್ದು ಯಾರ ಜಾಣತನದಿಂದಲೂ ಅಲ್ಲ. ಮಂಡಿನೋವಿಗೆ ತೋರಿಸಲು ಹೋದಾಗ ರಕ್ತ ಕಡಿಮೆ ಇದೆ ಎಂದು ಕಂಡು, ಅಲ್ಲಿಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಟಹಿಡಿದು ಕಳಿಸಿದ್ದರು. ಆ ರಕ್ತಕ್ಕೂ ಈ ಗಡ್ಡೆಗೂ ಸಂಬಂಧವೇ ಇರಲಿಲ್ಲವೇನೋ ಎಂದು ಆಮೇಲೆ ಹೊಟ್ಟೆಯ ಡಾಕ್ಟರು ಹೇಳಿದರು. ಸ್ಕೋಪ್ ಹಾಕಿದವರು ಕೂಡ ಅವಸರದಲ್ಲಿ ಹೋಗಿಬಂದಿದ್ದರೆ ಆ ಮಸುಕು ಕೆಂಪು ದಾಟಿಹೋಗುತ್ತಿತ್ತು. ಹೊಟ್ಟೆಯೊಳಗಿನ ನೊರೆ ಲೋಳೆ ತೊಳೆದು, ಗಾಳಿ ತುಂಬಿ, ಮಡಿಕೆಗಳನ್ನು ಬಿಡಿಸಿ, ಒಂದೊಂದು ಮೂಲೆಯನ್ನೂ ನಿಂತು ನೋಡಬೇಕು. ಹೊರಗೆ ಸಾಲುಗಟ್ಟಿ ಕೂತವರಿರುವಾಗ ಇದು ಸುಲಭವಲ್ಲ.

ಉಳಿದ ಹೊಟ್ಟೆ

ಈಗ ಅತ್ತೆ ಮುಂದೂಡುತ್ತಿರುವ ತಾರೀಖಿಗೆ ಬರುತ್ತೇನೆ. ಜಠರವನ್ನು ಉಳಿಸಿಕೊಂಡೆವು ಎಂದರೆ ಗಡ್ಡೆ ಹುಟ್ಟಿದ ನೆಲವನ್ನೂ ಉಳಿಸಿಕೊಂಡೆವು ಎಂದೇ ಅರ್ಥ. ಬಹುಪಾಲು ಹೊಟ್ಟೆ ಕ್ಯಾನ್ಸರಿನ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ದೊಡ್ಡಪ್ಪನ ಹುಣ್ಣಿನ ಹಿಂದೆಯೂ ಬಹುಶಃ ಅದೇ ಇತ್ತು. ಇದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಾರ್ಷಲ್ ತಾನೇ ಅದನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ ಕಥೆ ಹಲವರಿಗೆ ಗೊತ್ತು. ನಮ್ಮಲ್ಲಿ ಇದನ್ನು ಹೊಟ್ಟೆಯಲ್ಲಿ ಹೊತ್ತು ತಿರುಗುವವರು ಬಹಳ ಜನ, ಅವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಕೆಲವರಲ್ಲಿ ಹತ್ತಾರು ವರ್ಷ ಒಳಪೊರೆಯನ್ನು ಕೆಣಕುತ್ತ ಸವೆಸುತ್ತದೆ. ಅಂಥ ಹೊಟ್ಟೆಯಲ್ಲಿ ಒಂದು ಕಡೆ ಕ್ಯಾನ್ಸರು ಹುಟ್ಟಿತೆಂದರೆ ಇನ್ನೊಂದು ಕಡೆ ಹುಟ್ಟಲು ಅಡ್ಡಿಯಿಲ್ಲ. ಜಪಾನಿನಲ್ಲಿ ಹೀಗೆ ಬಾಯಿಂದ ಗಡ್ಡೆ ತೆಗೆಸಿಕೊಂಡ 544 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಈ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಕೊಟ್ಟು ಮೂರು ವರ್ಷ ಕಾದರು. ಔಷಧ ತೆಗೆದುಕೊಂಡವರಲ್ಲಿ 9 ಜನಕ್ಕೆ, ತೆಗೆದುಕೊಳ್ಳದವರಲ್ಲಿ 24 ಜನಕ್ಕೆ ಹೊಸ ಗಡ್ಡೆ ಬಂತು. 2008ರಲ್ಲಿ ಇದು ಪ್ರಕಟವಾಯಿತು. ಔಷಧದಿಂದ ಲಾಭವಿದೆ ಎಂದು ಎಲ್ಲರೂ ಈ ಅಂಕಿಯನ್ನು ಹೇಳುತ್ತಾರೆ. ನನ್ನ ಕಣ್ಣು ಮಾತ್ರ ಆ 9ರ ಮೇಲೆಯೇ ಇದೆ. ಅತ್ತೆ ಔಷಧದ ಕೋರ್ಸು ಪೂರ್ತಿ ಮುಗಿಸಿದ್ದಾರೆ. ಹಾಗಿದ್ದರೂ ವರ್ಷಕ್ಕೊಮ್ಮೆ ನೋಡಿಸಬೇಕು ಎನ್ನುವುದು ಇದಕ್ಕೇ. ಎಳಸಿನಲ್ಲೇ ಸಿಕ್ಕರೆ ಮತ್ತೆ ಬಾಯಿಂದಲೇ ತೆಗೆಯಬಹುದು.

ಇದನ್ನು ನಾನು ಅತ್ತೆಗೆ ಹೇಳಿ ನೋಡಿದೆ. "ನೀನು ಓದಿ ಓದಿ ಹೆದರಿಕೊಂಡಿದೀಯ ಕಣೋ" ಎಂದರು. ಅವರ ನಿರಾಳವನ್ನು ಕೆಡಿಸುವ ಹಕ್ಕು ನನಗಿದೆಯೇ ಎಂಬ ಅನುಮಾನ ನನಗೂ ಇದೆ. ನಮ್ಮ ಕಡೆ ಕ್ಯಾನ್ಸರ್ ಅಂದರೆ ಜನ ದನಿ ತಗ್ಗಿಸುತ್ತಾರೆ, ಮನೆಯ ಹೆಣ್ಣುಮಕ್ಕಳ ಸಂಬಂಧ ಕೇಳುವಾಗ ಅದೂ ಒಂದು ಲೆಕ್ಕಕ್ಕೆ ಬರುತ್ತದೆ. ಅದೆಲ್ಲ ತಟ್ಟದೆ ಅತ್ತೆ ಮದುವೆಮನೆಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದಾರೆ. ದೊಡ್ಡಪ್ಪನಿಗೆ ಸಿಕ್ಕ ಆರೈಕೆ ಅವರಿಗೆ ಸಿಗಲಿಲ್ಲ ಎಂದು ನಾನು ಕೊರಗುತ್ತೇನೆ, ಆ ಆರೈಕೆಯೇ ಬೇಡ ಎಂದು ಅವರು ಆರಾಮಾಗಿದ್ದಾರೆ. ಕೊನೆಗೆ ಅವರು ಒಪ್ಪಿದ್ದು ನನ್ನ ಅಂಕಿಅಂಶಕ್ಕಲ್ಲ. ಮೊಮ್ಮಗಳು ಬೆಂಗಳೂರಿನಲ್ಲಿ ಹಾಸ್ಟೆಲ್ ಸೇರಿದ್ದಾಳೆ, ಅವಳಿಗೆ ಚಟ್ನಿಪುಡಿ ಕೊಟ್ಟ ಹಾಗೂ ಆಗುತ್ತದೆ ಎಂದು ಮುಂದಿನ ತಿಂಗಳು ಹೊರಡುತ್ತಿದ್ದಾರೆ.

ಇನ್ನು ಉಳಿದವನು ಭಾವ. ತಾಯಿಗೆ ಹೊಟ್ಟೆ ಕ್ಯಾನ್ಸರಾಗಿದ್ದರೆ ಮಕ್ಕಳು ಈ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷಿಸಿಕೊಂಡು, ಇದ್ದರೆ ಔಷಧ ತೆಗೆದುಕೊಳ್ಳಬೇಕು ಎಂದು ಡಾಕ್ಟರು ಅವತ್ತೇ ಹೇಳಿದ್ದರು. ಅವನು ಎಷ್ಟೋ ವರ್ಷದಿಂದ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಪ್ಯಾನ್‌ಫಾರ್ಟಿ ನುಂಗುವ ಆಸಾಮಿ. "ಅಮ್ಮನಿಗೇ ಏನೂ ಇಲ್ಲ, ನಂದೇನು" ಎನ್ನುತ್ತಿದ್ದವನು ಹೋದ ವಾರ ತಾನಾಗಿಯೇ ಫೋನ್ ಮಾಡಿ, ಟೆಸ್ಟಿಗೆ ಏನೇನು ತಯಾರಿ ಬೇಕು ಎಂದು ಕೇಳಿದ. ಪರೀಕ್ಷೆಗೆ ಮುಂಚೆ ಎರಡು ವಾರ ಆ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ತೋರಿಸಬಹುದು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವಿಲ್ಲ.

"ಎರಡು ವಾರಾನಾ? ನಡುವೆ ನಮ್ಮ ಷಡ್ಡಕನ ಮನೆ ಗೃಹಪ್ರವೇಶ ಇದೆಯಲ್ಲೋ ಮಾರಾಯ!"

ಗೃಹಪ್ರವೇಶ ಮುಗಿಸಿಕೊಂಡೇ ಮಾತ್ರೆ ನಿಲ್ಲಿಸು ಎಂದೆ. ಕ್ಯಾಲೆಂಡರು ನೋಡಿ ತಾರೀಖು ಹೇಳುತ್ತೇನೆ ಎಂದಿದ್ದಾನೆ.